ಭಾವನ ಹಾಸಿಗೆಯೂ ಚೂಟಿಯ ನಿದ್ದೆಯೂ

"ಅವಳನ್ನ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ!"

"ಮುರಿ ಭಾವ, ಮುರಿ! ಮೊದಲು ಮಗು ಉಸಿರಾಡ್ತಿದೆಯಾ ನೋಡು!"

"ಉಸಿರಾಡ್ತಿದಾಳೆ. ಮೂಗಿನ ಹತ್ರ ಹತ್ತಿ ಹಿಡಿದು ನೋಡಿದೀನಿ. ನೀನು ಆ ಕಡೆ ಸರಿ, ಗಿರಾಕಿಗಳಿಗೆ ಕಾಣಿಸ್ತಿಲ್ಲ!"

"ಮಗಳು ಹೆಣದ ಹಾಗೆ ಬಿದ್ದಿದಾಳೆ, ನಿನಗೆ ಗಿರಾಕಿ ಚಿಂತೆನಾ? ಮನುಷ್ಯನಾ ನೀನು?"

"ಹೆಣ ಅಂದ್ಯಾ? ಹಾಸಿಗೆ ಅಂಗಡಿಯಲ್ಲಿ ನಿಂತು ಆ ಮಾತು ಆಡ್ತೀಯಾ? ಹೊರಗೆ ನಡಿ!"

ನಾನು ಹೊರಗೆ ನಡೆಯಲಿಲ್ಲ. ಆ ಅಂಗಡಿಗೂ ನನ್ನ ಗ್ಯಾರೇಜಿಗೂ ಇರುವುದು ಒಂದೇ ಗೋಡೆ. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗನ್ನು ಸುತ್ತಿಗೆಯಿಂದ ತಟ್ಟಿ ಸಮ ಮಾಡುವುದು ನನ್ನ ಕಸುಬು. ಹಾಸಿಗೆ ತುಂಬಿ ಹೊಲಿಯುವುದು ನನ್ನ ಅಕ್ಕನ ಗಂಡನ ಕಸುಬು. ಅವನನ್ನು ಏಕವಚನದಲ್ಲಿ ಕರೆಯುತ್ತೇನೆಂದು ನೆಂಟರೆಲ್ಲ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಏನು ಮಾಡಲಿ? ಶಾಲೆಯಲ್ಲಿ ನನಗಿಂತ ಮುಂದೆ ಇದ್ದವನು ಫೇಲಾಗಿ ಫೇಲಾಗಿ ನನ್ನ ಬೆಂಚಿಗೇ ಬಂದು ಕೂತವನು. ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದ ಏಟು ತಿಂದ ಮೇಲೆ ಬಹುವಚನ ಬಾಯಿಗೆ ಬರುವುದಿಲ್ಲ.

ಗಾಜಿನ ಕಿಟಕಿಯೊಳಗೆ, ಪ್ರದರ್ಶನಕ್ಕೆಂದು ಹಾಕಿದ ಹಾಸಿಗೆಯ ಮೇಲೆ, ಶಾಲೆಯ ಚೀಲವನ್ನು ತಬ್ಬಿಕೊಂಡು, ಬೂಟು ಕೂಡ ಬಿಚ್ಚದೆ ಬಿದ್ದಿದ್ದವಳು ಅವನ ಮಗಳು. ಒಂಬತ್ತನೇ ತರಗತಿ. ಮನೆಯಲ್ಲಿ ಎಲ್ಲರೂ ಚೂಟಿ ಅನ್ನುತ್ತೇವೆ. ಗಾಜಿನ ಹೊರಗೆ ಬೀದಿಯ ಜನ ನಿಂತಿದ್ದರು. ಬ್ಯಾಂಕಿನ ಗುಮಾಸ್ತ ಗಾಜಿಗೆ ಮೂಗು ಒತ್ತಿ ನಿಂತಿದ್ದ. ನಾನು ಪಕ್ಕದಲ್ಲಿ ಕಾರಿನ ಬಾಗಿಲು ಬಡಿಯುತ್ತಿದ್ದಾಗ ಆ ಸದ್ದಿಗೆ ಬೀದಿಯ ನಾಯಿಯೇ ಎದ್ದು ಓಡಿಹೋಗಿತ್ತು. ಚೂಟಿಯ ರೆಪ್ಪೆ ಕೂಡ ಅಲುಗಿರಲಿಲ್ಲ. ಅದನ್ನು ನೋಡಿಯೇ ನಾನು ಹೆದರಿ ಎಬ್ಬಿಸಲು ಓಡಿಬಂದದ್ದು.

"ಏನ್ರೀ, ಈ ಸದ್ದಲ್ಲೂ ಮಲಗಿದಾಳಲ್ಲ! ಯಾವ ಹಾಸಿಗೆ ಇದು?" ಅಂದ ಗುಮಾಸ್ತ ಒಳಗೆ ಬಂದು.

ಭಾವ ನನ್ನ ಕೈ ಬಿಟ್ಟ. ಅಂಗಿಯ ಕಾಲರು ಸರಿ ಮಾಡಿಕೊಂಡ. "ಹತ್ತಿ ಸ್ವಾಮಿ. ಕೈಯಿಂದ ಬಿಡಿಸಿ, ಕೈಯಿಂದ ತುಂಬಿ, ಕೈಯಿಂದ ಹೊಲಿದದ್ದು. ಮಲಗಿದವರು ಏಳೋದೇ ಇಲ್ಲ."

"ಹೆಣ ಅಂದ್ರೆ ನನಗೆ ಬೈತೀಯ," ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಗುಮಾಸ್ತ ಜೋಡಿ ಹಾಸಿಗೆಗೆ ಹೇಳಿ ಹೋದ.

ಇಲ್ಲಿ ನನ್ನ ಭಾವನ ಪರವಾಗಿ ಒಂದು ಮಾತು ಹೇಳಲೇಬೇಕು. ಅವನು ಹೊಲಿಯುವ ಹಾಸಿಗೆ ಒಳ್ಳೆಯದೇ. ಆದರೆ ಬೀದಿಯ ತಿರುವಿನಲ್ಲಿ ಫೋಮ್ ಹಾಸಿಗೆಯ ದೊಡ್ಡ ಅಂಗಡಿ ತೆರೆದ ಮೇಲೆ ಇವನ ಅಂಗಡಿಗೆ ಬರುವವರು ಹಾಸಿಗೆಯನ್ನು ಬೆರಳಿನಿಂದ ಒತ್ತಿ ನೋಡಿ, "ಗಟ್ಟಿ," ಎಂದು ಮೂತಿ ತಿರುವಿ ಹೋಗುತ್ತಿದ್ದರು. "ಮಲಗೋದು ಬೆರಳಾ? ಬೆನ್ನು ಕೊಟ್ಟು ನೋಡ್ರಿ!" ಎಂದು ಭಾವ ಬೀದಿಯವರೆಗೆ ಅವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಬೆನ್ನು ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅಂಗಡಿ ಮುಚ್ಚಿ ಅದೇ ಫೋಮ್ ಅಂಗಡಿಯಲ್ಲಿ ಹಾಸಿಗೆ ಹೊರುವ ಕೆಲಸಕ್ಕೆ ಸೇರಬೇಕಾಗುತ್ತದೇನೋ ಎಂಬ ಭಯ ಅವನಿಗೆ ಹುಟ್ಟಿತ್ತು. ಅಂಥ ಹೊತ್ತಿನಲ್ಲಿ ಚೂಟಿ ಶಾಲೆಯಿಂದ ಬಂದವಳು, ಒಳಮನೆಯವರೆಗೂ ನಡೆಯಲಾಗದೆ ಕಿಟಕಿಯ ಹಾಸಿಗೆಯ ಮೇಲೆ ದೊಪ್ಪೆಂದು ಬಿದ್ದಿದ್ದಳು.

ಮರುದಿನವೂ ಬಿದ್ದಳು. ಅದರ ಮರುದಿನವೂ. ಭಾವ ದೀಪ ಹಾಕಿಸಿದ. ಕಿಟಕಿಯ ಮುಂದೆ ನಿಲ್ಲುವವರಿಗೆ ಬೆಂಚು ಹಾಕಿಸಿದ. ನನ್ನ ಗ್ಯಾರೇಜಿಗೆ ಬಂದು, "ಲೋ, ಇವತ್ತು ಸ್ವಲ್ಪ ಜೋರಾಗಿ ಬಡಿಯೋ," ಅಂದ.

"ಇಷ್ಟು ವರ್ಷ ಮೆತ್ತಗೆ ಬಡಿ ಅಂತ ಜಗಳ ಆಡ್ತಿದ್ದವನು ನೀನೇ ತಾನೆ?"

"ಆಗ ಬೇರೆ. ಈಗ ವ್ಯಾಪಾರಕ್ಕೆ ಬೇಕು."

ನನಗೂ ಸೋದರಸೊಸೆಯ ಕೀರ್ತಿಯಲ್ಲಿ ಪಾಲು ಬೇಕೆನಿಸಿರಬೇಕು. ಜನರ ಮುಂದೆ ಕೈ ಎತ್ತಿ ಎತ್ತಿ ಬಡಿದೆ. ಆ ಉತ್ಸಾಹದಲ್ಲಿ, ತೆಗೆಯಬೇಕಾಗಿದ್ದ ತಗ್ಗಿನ ಪಕ್ಕದಲ್ಲಿ ಹೊಸದೊಂದು ತಗ್ಗು ಮಾಡಿದೆ. ಕಾರಿನ ಯಜಮಾನ ಬಂದು ಕುಣಿದಾಡಿದ. ಚೂಟಿ ಅದಕ್ಕೂ ಏಳಲಿಲ್ಲ. ಕೊನೆಗೆ ಅವನೂ ಒಂದು ದಿಂಬು ಕೊಂಡುಕೊಂಡು ಹೋದ.

ಅಕ್ಕ ಮಾತ್ರ ಸುಮ್ಮನಿರಲಿಲ್ಲ. "ಮಗಳನ್ನ ಗಾಜಿನೊಳಗೆ ಮಲಗಿಸಿ ವ್ಯಾಪಾರ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?"

"ನಾನೆಲ್ಲಿ ಮಲಗಿಸಿದೆ? ಹಾಸಿಗೆ ಮಲಗಿಸ್ತು."

"ರಾತ್ರಿ ಒಳಗೂ ಇಂಥದೇ ಹತ್ತಿ ಹಾಸಿಗೆ ಮೇಲೇ ಇರ್ತಾಳಲ್ಲ, ಬೆಳಗ್ಗೆ ಎಬ್ಬಿಸಿದ್ರೆ ಕಣ್ಣಲ್ಲಿ ಬೆಂಕಿ ಉಗುಳ್ತಾಳೆ. ಯಾಕೆ ಅಂತ ಯೋಚನೆ ಮಾಡಿದೀರಾ?"

"ಹಾಸಿಗೆ ಬಿಡಲ್ಲ ಅಂತಿದೆ ಕಣೇ. ಅಷ್ಟೂ ಅರ್ಥ ಆಗಲ್ವಾ?"

ಅಕ್ಕ ಹಣೆ ಬಡಿದುಕೊಂಡು ಒಳಗೆ ಹೋದಳು.

ಆ ವಾರವೇ ಶಾಲೆಯ ಟೀಚರಮ್ಮ ಬಂದರು. ಗಣಿತ ಹೇಳಿಕೊಡುವವರು. ಕಿಟಕಿಯಲ್ಲಿ ತಮ್ಮ ವಿದ್ಯಾರ್ಥಿನಿಯನ್ನು ನೋಡಿ ಬೀದಿಯಲ್ಲೇ ನಿಂತುಬಿಟ್ಟರು.

"ಇಲ್ಲೂ ಮಲಗಿದಾಳಾ?"

"ಇಲ್ಲೂ ಅಂದ್ರೆ?" ಅಂದ ಭಾವ.

"ನನ್ನ ಕ್ಲಾಸಲ್ಲಿ ದಿನಾ ಮಲಗ್ತಾಳೆ ಸಾರ್. ಮೊದಲನೇ ಪೀರಿಯಡ್ಡಿಗೇ ತಲೆ ಡೆಸ್ಕಿನ ಮೇಲೆ. ಮೊನ್ನೆ ಬೋರ್ಡ್ ಹತ್ರ ಕರೆದೆ. ಚಾಕ್‌ಪೀಸ್ ಹಿಡಿದು ನಿಂತಲ್ಲೇ ಗೊರಕೆ ಹೊಡೆದಳು."

ಭಾವನ ಮುಖ ಬಿಳಿಚಿತು. ಒಬ್ಬ ತಂದೆಗೆ ಹುಟ್ಟಬೇಕಾದ ಗಾಬರಿ ಹುಟ್ಟಿತೆಂದು ಟೀಚರಮ್ಮ ತಿಳಿದರು. ನನಗೆ ಅವನ ಮುಖ ಚಿಕ್ಕಂದಿನಿಂದ ಗೊತ್ತು. ಅದು ವ್ಯಾಪಾರಿಯ ಗಾಬರಿ.

"ಡೆಸ್ಕಿನ ಮೇಲಾ?" ಅಂದ ಪಿಸುಗುಟ್ಟುತ್ತ. "ಬರೀ ಮರದ ಮೇಲಾ? ಮೇಲೇನೂ ಹಾಸದೆ?"

"ಮರದ ಮೇಲೇ."

"ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ, ಈ ವಿಷಯ ಯಾರಿಗೂ ಹೇಳಬೇಡಿ. ಮರದ ಮೇಲೂ ನಿದ್ದೆ ಬರುತ್ತೆ ಅಂತ ಗೊತ್ತಾದ್ರೆ ನನ್ನ ಹಾಸಿಗೆ ಯಾರು ತಗೋತಾರೆ?"

ಟೀಚರಮ್ಮ ನನ್ನ ಕಡೆ ನೋಡಿದರು. ನಾನು ಕಾರಿನ ಕೆಳಗೆ ತೂರಿಕೊಂಡೆ. ಅಲ್ಲಿಂದಲೇ ಕೇಳಿಸಿತು, ಅವರು ಅಕ್ಕನನ್ನು ಕರೆದು ಹೇಳುತ್ತಿದ್ದರು: ಗಣಿತದಲ್ಲಿ ಫೇಲಾಗಿದ್ದಾಳೆ, ಮರುಪರೀಕ್ಷೆ ಬರುತ್ತಿದೆ, ಹೀಗೇ ಮಲಗಿದರೆ ಮುಂದಿನ ವರ್ಷವೂ ಅದೇ ತರಗತಿಯಲ್ಲಿ ಕೂರಬೇಕು. ಅಪ್ಪನ ದಾರಿಯಲ್ಲೇ ಹೊರಟಿದ್ದಾಳೆ ಎಂದು ನನಗನ್ನಿಸಿತು. ಕಾರಿನ ಕೆಳಗೆ ಇದ್ದದ್ದರಿಂದ ಬಾಯಿ ಬಿಡಲಿಲ್ಲ.

ಅಕ್ಕ ಅವತ್ತೇ ಚೂಟಿಯ ಕೋಣೆಯನ್ನು ತಲೆಕೆಳಗು ಮಾಡಿದಳು. ಮಂಚದ ಕೆಳಗೆ ಫ್ಲಾಸ್ಕು. ಅದರಲ್ಲಿ ಡಾಂಬರಿನಂಥ ಕಾಫಿ. ಪುಸ್ತಕಗಳ ಹಿಂದೆ ಎನರ್ಜಿ ಡ್ರಿಂಕ್ ಡಬ್ಬಿಗಳು ಸಿಪಾಯಿಗಳಂತೆ ಸಾಲಾಗಿ ನಿಂತಿದ್ದವು. ಹೊದಿಕೆಯ ಒಳಗೆ, ಇನ್ನೂ ಬೆಚ್ಚಗೆ, ವಿಡಿಯೋ ಗೇಮಿನ ಪೆಟ್ಟಿಗೆ.

"ಅಮ್ಮಾ, ಅದನ್ನ ಆಫ್ ಮಾಡಬೇಡಮ್ಮ! ನಮ್ಮ ಕೋಟೆ ಬೀಳುತ್ತೆ!"

"ಯಾವ ಕೋಟೆ?"

"ನಮ್ಮ ತಂಡದ ಕೋಟೆ. ರಾತ್ರಿ ಕಾಯೋಕೆ ಯಾರೂ ಇಲ್ಲ. ನಾನು ಮಲಗಿದ್ರೆ ಬಂದು ಗೋಡೆ ಒಡೀತಾರೆ."

"ಬೆಳಗಾದ್ರೆ ನಾನು ನಿನ್ನ ಬೆನ್ನು ಒಡೀತೀನಿ, ಅದಕ್ಕೆ ಯಾರನ್ನ ಕಾವಲಿಗೆ ಇಟ್ಕೊಂಡಿದೀಯ?"

ಆಮೇಲೆ ಅಳುತ್ತ ಅಳುತ್ತ ಹುಡುಗಿ ಎಲ್ಲವನ್ನೂ ಹೇಳಿದಳು. ಕೋಟೆ ಕಾಯಲು ಎಚ್ಚರ ಬೇಕು, ಅದಕ್ಕೆ ಕಾಫಿ. ಕೋಟೆಗೆ ಯಾರೂ ಬರದ ದಿನವೂ ಕುಡಿದ ಕಾಫಿ ಮಲಗಲು ಬಿಡುವುದಿಲ್ಲ, ಸುಮ್ಮನೆ ಏನು ಮಾಡುವುದು ಎಂದು ಆಟ. ಬೆಳಗ್ಗೆ ಕಣ್ಣು ಬಿಡಲಾಗುವುದಿಲ್ಲ, ಅದಕ್ಕೆ ಡಬ್ಬಿ. ಮೊದಲನೇ ಪೀರಿಯಡ್ಡಿಗೇ ಡಬ್ಬಿಯ ಜೋರು ಇಳಿದಿರುತ್ತದೆ, ಅದಕ್ಕೆ ಡೆಸ್ಕು, ಶಾಲೆ ಬಿಟ್ಟ ಮೇಲೆ ಅಪ್ಪನ ಕಿಟಕಿ. ಕಿಟಕಿಯಲ್ಲಿ ಮಲಗಿ ಎದ್ದರೆ ರಾತ್ರಿ ನಿದ್ದೆ ಬರುವುದಿಲ್ಲ, ಅದಕ್ಕೆ ಮತ್ತೆ ಕೋಟೆ. ಗೋಡೆಗೆ ಗುದ್ದಿ, ಹಿಂದೆ ಬಂದು, ಮತ್ತೆ ಅದೇ ಗೋಡೆಗೆ ಗುದ್ದುವ ಗಿರಾಕಿಗಳನ್ನು ನಾನು ಕಂಡಿದ್ದೇನೆ. ಅವರ ಕಾರಿಗಾದರೂ ಒಂದು ಹೊತ್ತಿಗೆ ಪೆಟ್ರೋಲು ಮುಗಿಯುತ್ತದೆ.

ಅಕ್ಕ ಆಟದ ಪೆಟ್ಟಿಗೆಯನ್ನು ತಂದು ನನ್ನ ಗ್ಯಾರೇಜಿನ ಹಳೇ ಕಾರೊಂದರ ಡಿಕ್ಕಿಯಲ್ಲಿ ಇಟ್ಟು ಬೀಗ ಹಾಕಿದಳು. ಕಾಫಿಪುಡಿ ಡಬ್ಬಿ ತನ್ನ ಬೀರುವಿಗೆ. "ಪರೀಕ್ಷೆ ಮುಗಿಯೋವರೆಗೆ ಈ ಮನೆಯಲ್ಲಿ ಎಲ್ಲರಿಗೂ ಹಾಲು," ಎಂದು ಘೋಷಿಸಿದಳು. ಇಷ್ಟೆಲ್ಲ ಆಗುವಾಗ ಭಾವ ಎಲ್ಲಿದ್ದ ಎನ್ನುವಿರಿ. ಅಂಗಡಿಯ ಮುಂಭಾಗದಲ್ಲಿ, ಜೀವಮಾನದ ಅತಿ ದೊಡ್ಡ ಗಿರಾಕಿಯ ಮುಂದೆ ಕೈಕಟ್ಟಿ ನಿಂತಿದ್ದ.

ಆಸ್ಪತ್ರೆಯ ನರ್ಸಿಂಗ್ ಹಾಸ್ಟೆಲಿನ ವಾರ್ಡನ್ನಮ್ಮ ಬಂದಿದ್ದರು. ನಾನು ಎದುರು ನಿಂತರೆ ನನಗೇ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ನೋಡಿಕೊಳ್ಳುವಂತಾಗುವ ಹೆಂಗಸು. ಕೊರಳಲ್ಲಿ ಸೀಟಿ.

"ನನ್ನ ಹುಡುಗೀರು ರಾತ್ರಿ ಮಲಗಲ್ಲ," ಅಂದರು. "ಹಗಲು ವಾರ್ಡಲ್ಲಿ ರೋಗಿಗಿಂತ ಮೊದಲು ಮಲಗ್ತಾರೆ. ಕೇಳಿದ್ರೆ ಹಾಸ್ಟೆಲ್ ಹಾಸಿಗೆ ಚುಚ್ಚುತ್ತೆ ಅಂತಾರೆ. ನಿಮ್ಮ ಕಿಟಕಿ ವಿಷಯ ಕೇಳಿದೆ. ನಾನು ಇಷ್ಟಕ್ಕೆಲ್ಲ ನಂಬೋಳಲ್ಲ. ಬರೋ ಶುಕ್ರವಾರ ಮಧ್ಯಾಹ್ನ ನಾನೇ ಬಂದು ಆ ಹುಡುಗಿ ಕಿವಿ ಹತ್ರ ಸೀಟಿ ಊದ್ತೀನಿ. ಏಳಲಿಲ್ಲ ಅಂದ್ರೆ ಹಾಸ್ಟೆಲ್ಲಿಗೆಲ್ಲ ನಿಮ್ಮದೇ ಹಾಸಿಗೆ."

"ಸೀಟಿ ಏನು ತಾಯಿ, ಬ್ಯಾಂಡ್ ಕರೆದುಕೊಂಡು ಬನ್ನಿ!" ಅಂದ ಭಾವ.

ಶುಕ್ರವಾರ ಬೆಳಗ್ಗೆ ಚೂಟಿಯ ಮರುಪರೀಕ್ಷೆ. ಅದು ಅವನಿಗೆ ನೆನಪೂ ಇರಲಿಲ್ಲ.

ಹಾಲಿನ ರಾಜ್ಯಭಾರ ಶುರುವಾದ ಮೇಲೆ ಮೊದಲೆರಡು ದಿನ ಚೂಟಿ ತಲೆನೋವೆಂದು ಯಾರನ್ನು ಕಂಡರೂ ಸಿಡುಕಿದಳು. ಆಮೇಲೆ ರಾತ್ರಿ ಊಟ ಮುಗಿಸಿ ಮಲಗಿದವಳು ಬೆಳಗ್ಗೆ ತಾನೇ ಎದ್ದು ಬಂದು, "ಮಾಮಾ, ನಿಂಗೆ ಇಷ್ಟು ಬಿಳಿ ಕೂದಲು ಯಾವಾಗ ಬಂತು?" ಅಂದಳು. ಅವಳು ನನ್ನನ್ನು ಕಣ್ಣು ಬಿಟ್ಟು ನೋಡಿ ಎಷ್ಟು ಕಾಲವಾಗಿತ್ತೋ. ಸಂಜೆ ಶಾಲೆಯಿಂದ ಬಂದವಳು ಅಪ್ಪನ ಮಾತಿಗೆ ಕಿಟಕಿಯ ಹಾಸಿಗೆಯ ಮೇಲೆ ಮಲಗಿದಳು. ಹೊರಳಿದಳು. ಹೊರಗೆ ನಿಂತವರಿಗೆ ಕೈ ಬೀಸಿದಳು. ಎದ್ದು ಕೂತು ಲೆಕ್ಕ ಬಿಡಿಸಿದಳು. ಜನ ಬೆಂಚಿನಿಂದ ಎದ್ದು ಹೋದರು.

ಭಾವ ಓಡಿಬಂದು ನನ್ನ ಕೈ ಹಿಡಿದ. ಕಣ್ಣಲ್ಲಿ ನೀರು. "ಮಗಳಿಗೆ ಏನೋ ಆಗಿದೆ ಕಣೋ. ನಿದ್ದೆನೇ ಬರ್ತಿಲ್ಲ. ಡಾಕ್ಟರ ಹತ್ರ ಹೋಗೋಣ ನಡಿ."

ಹೋದೆವು. ಡಾಕ್ಟರು ಚೂಟಿಯ ಕಣ್ಣು, ನಾಲಿಗೆ, ನಾಡಿ ನೋಡಿದರು.

"ರಾತ್ರಿ ನಿದ್ದೆ ಬರುತ್ತಾ?"

"ಚೆನ್ನಾಗಿ ಬರುತ್ತೆ ಡಾಕ್ಟ್ರೆ," ಅಂದ ಭಾವ ದುಃಖದಿಂದ. "ಅದೇ ಕಾಯಿಲೆ."

"ಮತ್ತೆ ಹಗಲು?"

"ಹಗಲೆಲ್ಲ ಎಚ್ಚರ. ಲೆಕ್ಕ ಮಾಡ್ತಾಳೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನೀವು ಸ್ವಲ್ಪ ಈ ಕಡೆ ಬನ್ನಿ, ನಿಮ್ಮ ನಾಡಿ ನೋಡೋಣ."

ಅಮ್ಮ ಏನೇನು ಬಚ್ಚಿಟ್ಟಿದ್ದಾಳೆಂದು ಚೂಟಿಯೇ ಹೇಳಿದಳು. ಡಾಕ್ಟರು ಭಾವನನ್ನು ಕೂರಿಸಿ, ಮಗುವಿಗೆ ಹೇಳುವಂತೆ ಹೇಳಿದರು. ಸಂಜೆ ಕುಡಿದ ಕಾಫಿ ಮಲಗುವ ಹೊತ್ತಿಗೂ ಮೈಯಲ್ಲಿ ಓಡಾಡುತ್ತಿರುತ್ತದೆ. ಈ ವಯಸ್ಸಿನ ಮಕ್ಕಳಿಗೆ ನಿದ್ದೆ ಹತ್ತುವುದೇ ಸ್ವಲ್ಪ ತಡ. ಅದರ ಮೇಲೆ ಕಾಫಿ, ಅದರ ಮೇಲೆ ಕಣ್ಣಿಗೆ ಬೆಳಕು ಚುಚ್ಚುವ ಆಟ. ಮೂರೂ ಸೇರಿದರೆ ರಾತ್ರಿಯ ನಿದ್ದೆ ಹಗಲಿಗೆ ಬಂದು ಬೀಳುತ್ತದೆ.

ಭಾವ ತಲೆಯಾಡಿಸುತ್ತ ಕೇಳಿದ. ಇಷ್ಟು ಗಮನವಿಟ್ಟು ಅವನು ಶಾಲೆಯಲ್ಲಿ ಒಂದು ಪಾಠ ಕೇಳಿದ್ದರೆ ನನಗೆ ಏಕವಚನದ ಅವಕಾಶ ಸಿಗುತ್ತಿರಲಿಲ್ಲ.

"ಅಂದ್ರೆ ರಾತ್ರಿ ಕಾಫಿ, ಆಟ ಎರಡೂ ಕೊಟ್ರೆ ಮಾರನೇ ಮಧ್ಯಾಹ್ನ ಗ್ಯಾರಂಟಿ ನಿದ್ದೆ?"

"ಗ್ಯಾರಂಟಿ. ಅದಕ್ಕೇ ಕೊಡಬಾರದು."

ಎರಡನೇ ಮಾತು ಅವನ ಕಿವಿಗೆ ಬೀಳಲಿಲ್ಲ.

ಗುರುವಾರ ಸಂಜೆ ನಾನು ಕೈ ತೊಳೆಯಲು ಹೋದಾಗ ಹಳೇ ಕಾರಿನ ಬಾಗಿಲು ಬಾಯಿ ತೆರೆದಿತ್ತು. ಡಿಕ್ಕಿಗೆ ಹಾಕಿದ ಅಕ್ಕನ ಬೀಗ ಗಟ್ಟಿಯಾಗಿಯೇ ಇತ್ತು. ಭಾವ ಹಿಂದಿನ ಸೀಟು ಕಿತ್ತು ಒಳಗಿನಿಂದ ನುಗ್ಗಿದ್ದ. ನಾನು ಸಿಟ್ಟಿನಲ್ಲಿ ಒಳಮನೆಗೆ ನುಗ್ಗಿದರೆ ಅಲ್ಲಿ ಕಂಡ ನೋಟ ಹೀಗಿತ್ತು. ಚೂಟಿ ಮೇಜಿನ ಮುಂದೆ ಲೆಕ್ಕದ ಪುಸ್ತಕ ತೆರೆದು ಕೂತಿದ್ದಳು. ಅವಳ ಅಪ್ಪ ಒಂದು ಕೈಯಲ್ಲಿ ಆಟದ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ತಂದ ಹೊಗೆಯಾಡುವ ಕಾಫಿ ಹಿಡಿದು ಮಗಳ ಮುಂದೆ ಮಂಡಿಯೂರಿ ಕೂತಿದ್ದ.

"ಒಂದೇ ರಾತ್ರಿ ಕಣಮ್ಮ. ನಿನ್ನ ಕೋಟೆ ಏನಾಯ್ತೋ ಪಾಪ. ಹೋಗಿ ನೋಡ್ಕೊಂಡು ಬಾ."

"ಅಪ್ಪಾ, ನಾಳೆ ಪರೀಕ್ಷೆ. ನಾನು ಮಲಗಬೇಕು."

"ಎಲ್ಲ ಮಕ್ಕಳೂ ಅಪ್ಪಂದಿರನ್ನ ಕೇಳ್ತಾರೆ, ಆಡ್ಲಾ ಆಡ್ಲಾ ಅಂತ. ಅಪ್ಪನೇ ಆಡು ಅಂದ್ರೆ ಆಡಲ್ವಾ? ಒಂದು ಗುಟುಕು ಕುಡಿ, ಚಿನ್ನ."

"ಅದನ್ನ ಕೆಳಗಿಡು. ಅಮ್ಮ ನೋಡಿದ್ರೆ ನಿಂಗೆ ಬೈತಾಳೆ. ಹಲ್ಲುಜ್ಜಿ ಮಲಗು ಹೋಗು."

ಹುಡುಗಿ ಪುಸ್ತಕ ಮುಚ್ಚಿ, ದೀಪ ಆರಿಸಿ, ಮುಸುಕು ಹಾಕಿಕೊಂಡಳು.

ಬೆಳಗ್ಗೆ ಅಕ್ಕ ನನ್ನನ್ನು ಕೂಗಿ ಕರೆದಳು. ಭಾವ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕಣ್ಣು ಟೊಮೇಟೊ. ಮುಂದೆ ಖಾಲಿ ಫ್ಲಾಸ್ಕು. ಮಗಳಿಗೆ ಆಸೆ ಹುಟ್ಟಿಸಲೆಂದು ಒಂದು ಸಲ ಗುಂಡಿ ಒತ್ತಿದವನು ಬೆಳಗಾಗುವವರೆಗೆ ಆಟ ಬಿಟ್ಟು ಎದ್ದಿರಲಿಲ್ಲ.

"ಏನ್ರೀ ಮಾಡ್ತಿದೀರಾ?" ಅಂದಳು ಅಕ್ಕ.

"ಸುಮ್ಮನಿರೇ! ಕೋಟೆಯೊಳಗೆ ಸಿಪಾಯಿಗಳ ಕೋಣೆ ಇದೆ. ಹಾಸಿಗೆ ನೋಡು! ಹುಲ್ಲು! ಬರೀ ಹುಲ್ಲು! ಅಂಚಿಗೆ ಒಂದು ಹೊಲಿಗೆ ಇಲ್ಲ. ಇದರ ಮೇಲೆ ಮಲಗಿ ಯಾರು ಯುದ್ಧ ಗೆಲ್ತಾರೆ? ಗೋಡೆ ಒಡೆದು ಬಂದ್ರು. ಬರಲಿ. ನಾನು ಹಾಸಿಗೆ ಬಿಟ್ಟು ಕದಲಲಿಲ್ಲ."

ಅಕ್ಕ ಪೆಟ್ಟಿಗೆ ಕಿತ್ತುಕೊಂಡಳು. ಬೈಯಲು ಬಾಯಿ ತೆರೆದವಳು, ನಗು ಬಂದು, ಸೆರಗು ಕಚ್ಚಿಕೊಂಡು ಒಳಗೆ ಓಡಿದಳು.

ಮಧ್ಯಾಹ್ನ ವಾರ್ಡನ್ನಮ್ಮ ಹೇಳಿದ ಹೊತ್ತಿಗೆ ಬಂದರು. ಚೂಟಿ ಪರೀಕ್ಷೆ ಮುಗಿಸಿ ಮಿಂಚುವ ಮುಖದಲ್ಲಿ ಬಂದಿದ್ದಳು. ಅಪ್ಪನ ಗೋಳು ನೋಡಲಾರದೆ ಕಿಟಕಿಯಲ್ಲಿ ಕಣ್ಣು ಮುಚ್ಚಿ ಮಲಗಿದಳು. ನಾನು ಸಂಬಂಧಕ್ಕೆ ಕಟ್ಟುಬಿದ್ದು ಬಡಿಯಲು ಶುರು ಮಾಡಿದೆ. ಫ್ಲಾಸ್ಕಿನ ಕಾಫಿಯೆಲ್ಲ ಭಾವನ ಕೈಕಾಲಿನಲ್ಲಿತ್ತು. ನಿಂತಲ್ಲಿ ನಡುಗುತ್ತಿದ್ದ. "ಹತ್ತಿ ತಾಯಿ ಕೈಯಲ್ಲಿ ಬಿಡಿಸಿ ತುಂಬಿ ಹೊಲಿದು ಬಿಡಿಸಿ ಅಲ್ಲ ಹೊಲಿದು," ಎಂದು ಒಂದೇ ಉಸಿರಿನಲ್ಲಿ ಹೇಳಿದ.

ವಾರ್ಡನ್ನಮ್ಮ ಬಗ್ಗಿ ಸೀಟಿ ಊದಿದರು.

ಚೂಟಿ ಹೌಹಾರಿ ಎದ್ದು ಕೂತಳು. ಅಪ್ಪನ ಮುಖ ನೋಡಿದಳು, ಮತ್ತೆ ದೊಪ್ಪನೆ ಬಿದ್ದು ಕಣ್ಣು ಮುಚ್ಚಿದಳು. ಆದರೆ ಮುಚ್ಚಿದ ಕಣ್ಣಿನಲ್ಲೇ ನಗು ತಡೆಯಲಾಗದೆ ಹೊಟ್ಟೆ ಕುಲುಕತೊಡಗಿತು.

"ಏನಿದು ಮೋಸ?" ಅಂದರು ವಾರ್ಡನ್ನಮ್ಮ.

"ಮೋಸ ಅಲ್ಲ ಆಂಟಿ," ಅಂದಳು ಚೂಟಿ ಎದ್ದು ಕೂತು. "ಮೊದಲು ನಿಜವಾಗ್ಲೂ ಮಲಗ್ತಿದ್ದೆ. ರಾತ್ರಿಯೆಲ್ಲ ಕಾಫಿ ಕುಡಿದು ಗೇಮ್ ಆಡ್ತಿದ್ದೆ, ಅದಕ್ಕೆ. ಸ್ಕೂಲ್ ಡೆಸ್ಕಿನ ಮೇಲೂ ಮಲಗ್ತಿದ್ದೆ. ಈಗ ಬಿಟ್ಟಿದೀನಿ. ಅಪ್ಪನ ತಪ್ಪಿಲ್ಲ. ಹಾಸಿಗೆ ಮಲಗಿಸ್ತಿದೆ ಅಂತಾನೇ ಅಂದ್ಕೊಂಡಿದ್ದ. ಹಾಸಿಗೆ ಮಾತ್ರ ಒಳ್ಳೇದೇ ಆಂಟಿ. ನೀವು ಮಲಗಿ ನೋಡಿ."

ಭಾವ ಗೋಡೆಗೆ ಒರಗಿದ. ವಾರ್ಡನ್ನಮ್ಮ ಹುಡುಗಿಯನ್ನೇ ನೋಡಿದರು.

"ಒಬ್ಬಳಾದ್ರೂ ನಿಜ ಹೇಳಿದ್ಯಲ್ಲ. ನನ್ನ ಹುಡುಗೀರು ಹಾಸಿಗೆ ಚುಚ್ಚುತ್ತೆ ಅಂತಾರೆ," ಎಂದು ಹಾಸಿಗೆಯನ್ನು ಬೆರಳಿನಿಂದ ಒತ್ತಿದರು.

"ಬೆರಳಲ್ಲ!" ಎಂದು ಚೀರಿದ ಭಾವ. "ಬೆನ್ನು!"

ಅವರು ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಸರಿಪಡಿಸಿಕೊಂಡು, "ಒಂದು ನಿಮಿಷ," ಎಂದು ನೆಟ್ಟಗೆ ಮಲಗಿದರು. ಒಂದು ಹಾಸ್ಟೆಲಿನ ಹುಡುಗಿಯರನ್ನೆಲ್ಲ ಕಾದು ಕಾದು ಆ ಹೆಂಗಸು ಎಷ್ಟು ವರ್ಷದಿಂದ ಸರಿಯಾಗಿ ಮಲಗಿರಲಿಲ್ಲವೋ. ಕಣ್ಣು ಮುಚ್ಚಿದ್ದು ಕಂಡಿತು. ಬಾಯಿ ತೆರೆದದ್ದು ಕಂಡಿತು. ಆಮೇಲೆ ನನ್ನ ಸುತ್ತಿಗೆಯನ್ನು ಮೀರಿಸುವ ಗೊರಕೆ ಕೇಳಿಸಿತು.

ಭಾವ ಎರಡೂ ಕೈಯಿಂದ ನನ್ನನ್ನು ಹಿಡಿದು ಅಲುಗಾಡಿಸಿದ. "ನೋಡಿದ್ಯಾ? ಈಯಮ್ಮ ಯಾವ ಕೋಟೆ ಕಾದಿದಾರೆ? ಹಾಸಿಗೆ ಕಣೋ! ಬರೀ ಹಾಸಿಗೆ!"

ನನಗೆ ಸಿಟ್ಟು ಬೇಗ ಬರುತ್ತದೆ, ಕಣ್ಣೀರು ಬರುವುದಿಲ್ಲ. ಅವತ್ತು ಏನೋ ಧೂಳು ಬಿತ್ತು. ಸುತ್ತಿಗೆ ಕೆಳಗಿಟ್ಟೆ. ಚೂಟಿ ಬೆರಳು ತುಟಿಯ ಮೇಲಿಟ್ಟು ಎಲ್ಲರನ್ನೂ ಸುಮ್ಮನಿರಿಸಿದಳು. ಅಕ್ಕ ಒಳಗಿನಿಂದ ಹೊದಿಕೆ ತಂದು ಹೊದಿಸಿದಳು. ಗಾಜಿನ ಹೊರಗೆ ಜನ ಕೂಡುತ್ತಲೇ ಇದ್ದರು. ಆಸ್ಪತ್ರೆಯ ಪಾಳಿ ಮುಗಿಸಿ ಬಂದ ನರ್ಸಿಂಗ್ ಹುಡುಗಿಯರು ಕೈಯಲ್ಲಿ ಕಾಗದದ ಕಾಫಿ ಲೋಟ ಹಿಡಿದುಕೊಂಡೇ ಮುಂದಿನ ಸಾಲಿಗೆ ನುಗ್ಗಿ, ತಮ್ಮ ವಾರ್ಡನ್ನಮ್ಮನನ್ನು ಕಂಡು ಕಲ್ಲಾಗಿ ನಿಂತರು.

ಅಷ್ಟರಲ್ಲಿ ಯಾರೋ ಹೊಸ ಗಿರಾಕಿ ಬಾಗಿಲಲ್ಲಿ ತಲೆ ತೂರಿಸಿ, "ಇದು ಮಾರಾಟಕ್ಕಾ?" ಅಂದ.

ಭಾವನಿಗೆ ತಡೆದುಕೊಳ್ಳಲಾಗಲಿಲ್ಲ. "ಹಾಸಿಗೆ ಮಾರಾಟಕ್ಕೆ ಸ್ವಾಮಿ. ಮಲಗಿರೋರು ಸೇರಿಲ್ಲ!"

ಹುಡುಗಿಯರು ಕಿಸಕ್ಕೆಂದರು. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ವಾರ್ಡನ್ನಮ್ಮ ಕಣ್ಣು ಬಿಟ್ಟರು. ಮೇಲೆ ದೀಪ, ಮೈಮೇಲೆ ಯಾರದೋ ಹೊದಿಕೆ, ಗಾಜಿನಾಚೆ ತಮ್ಮದೇ ಹಾಸ್ಟೆಲು. ಎದ್ದರು. ಯಾರ ಮುಖವನ್ನೂ ನೋಡಲಿಲ್ಲ. ಹೊದಿಕೆಯನ್ನು ನೀಟಾಗಿ ಮಡಿಸಿ ಹಾಸಿಗೆಯ ಮೇಲಿಟ್ಟರು. ಬರಿಗಾಲಿನಲ್ಲೇ ಬಾಗಿಲು ದಾಟಿ, ಜನರ ನಡುವೆ ತಲೆಯೆತ್ತಿ ನಡೆದು, ಬೀದಿಯ ತಿರುವಿನಲ್ಲಿ ಮರೆಯಾದರು.

"ಚಪ್ಪಲಿ ಬಿಟ್ಟು ಹೋಗಿದಾರೆ," ಅಂದ ಭಾವ ಬಾಗಿಲಲ್ಲಿ ನಿಂತು. "ತಗೊಳ್ಳೋಕೆ ಬರ್ತಾರೆ. ಆಗ ಆರ್ಡರ್ ಮಾತಾಡ್ತೀನಿ."

"ಬರಲ್ಲ ಅಪ್ಪ," ಅಂದಳು ಚೂಟಿ, ಅವನ ಕೈ ಹಿಡಿದುಕೊಂಡು.

"ನಿದ್ದೆ ಹತ್ತಿದ್ದು ಹೌದು ತಾನೆ?"

"ಹೌದಪ್ಪ. ಗಾಢ ನಿದ್ದೆ."

"ಮತ್ತೆ ಯಾಕೆ ಬರಲ್ಲ?"

ಅವಳು ಗಾಜಿನಾಚೆ ಇನ್ನೂ ನಗುತ್ತಿದ್ದ ಹಾಸ್ಟೆಲಿನ ಹುಡುಗಿಯರ ಕಡೆ ಕೈ ತೋರಿಸಿದಳು. ಭಾವ ಆ ಚಪ್ಪಲಿಯನ್ನು ಒರೆಸಿ, ಬಾಗಿಲಿಗೆ ಮುಖ ಮಾಡಿ ಜೋಡಿಸಿಟ್ಟು, ಕತ್ತಲಾಗುವವರೆಗೆ ಹೊಸ್ತಿಲ ಮೇಲೆ ಕಾದು ಕೂತ. ಅವರು ಚಪ್ಪಲಿಗೂ ಬರಲಿಲ್ಲ.